ಕ್ಲಚ್ಚಿನ ಸಡಿಲವು ದೋಷವೆ?

ಶಿವನಿಯಿಂದ ಅಜ್ಜಂಪುರಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಹೋಗುವವನು ದಾರಿಯಲ್ಲಿ ಎಷ್ಟೋ ಸಲ ಎಡಗೈಯ ಕ್ಲಚ್ ಲಿವರನ್ನು ಒತ್ತಬೇಕಾಗುವುದು. ಒತ್ತಿದಾಗ ಲಿವರು ಮೊದಲು ತುಸು ದೂರ ಸಡಿಲವಾಗಿ ಚಲಿಸುವುದು; ಅನಂತರವೇ ಕೈಗೆ ಭಾರ ತಿಳಿಯುವುದು. ಈ ಸಡಿಲವನ್ನು ದೋಷವೆಂದು ಬಗೆದು ಕೇಬಲ್ಲನ್ನು ಬಿಗಿಗೊಳಿಸುವವರುಂಟು. ಅದು ಸರಿಯೆ?

ಕ್ಲಚ್ಚಿನೊಳಗೆ ಎಂಜಿನ್ನಿನೊಡನೆ ತಿರುಗುವ ಫಲಕಗಳೂ ಗೇರುಪೆಟ್ಟಿಗೆಯೊಡನೆ ತಿರುಗುವ ಫಲಕಗಳೂ ಒಂದರ ಮಗ್ಗುಲಿಗೊಂದು ಇರುತ್ತವೆ. ಸ್ಪ್ರಿಂಗುಗಳು ಅವನ್ನು ಅದುಮಿ ಹಿಡಿದಿರುವುದರಿಂದ, ಘರ್ಷಣೆಯ ಮೂಲಕ ಶಕ್ತಿಯು ಚಕ್ರದತ್ತ ಸಾಗುವುದು. ಲಿವರನ್ನು ಒತ್ತಿದರೆ ಕೇಬಲ್ಲಿನ ಎಳೆತಕ್ಕೆ ಒಂದು ಸರಳು ಸ್ಪ್ರಿಂಗುಗಳ ವಿರುದ್ಧ ತಳ್ಳಿ ಫಲಕಗಳನ್ನು ಬಿಡಿಸುವುದು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ವಾಹನಗಳಲ್ಲಿ ಗೇರು ಬದಲಿಸುವ ಕಾಲಿನ ಲಿವರೇ ಕ್ಲಚ್ಚನ್ನೂ ಬಿಡಿಸುವ ಏರ್ಪಾಡಿದ್ದಿತು.

ಸಡಿಲವೇ ಇಲ್ಲದಿದ್ದರೆ ಕೈ ಬಿಟ್ಟ ಮೇಲೂ ಸರಳು ತಳ್ಳುತ್ತಲೇ ಇರುವುದು. ಆಗ ಫಲಕಗಳು ಜಾರಿ, ಬಿಸಿಯೇರಿ, ಕಡೆಗೆ ಸುಟ್ಟುಹೋಗುವುವು. ಸಡಿಲವು ಅತಿಯಾದರೆ ಫಲಕಗಳು ಪೂರ್ಣವಾಗಿ ಬಿಡದೆ ಗೇರು ಕಷ್ಟದಿಂದ ಬೀಳುವುದು.

ಕೇಬಲ್ಲು ಹಿಗ್ಗಿದಂತೆ ಸಡಿಲ ಹೆಚ್ಚುವುದು. ಫಲಕಗಳು ಸವೆದಂತೆ ಕಡಮೆಯಾಗುವುದು. ಆದುದರಿಂದ ಆಗಾಗ ಪರೀಕ್ಷಿಸಬೇಕು. ಎಂಜಿನ್ ತಣ್ಣಗಿರುವಾಗ ಕೇಬಲ್ಲಿನ ತುದಿಯ ತಿರುಪನ್ನು ತಿರುಗಿಸಿ ಲಿವರಿನ ಬುಡದಲ್ಲಿ ಸುಮಾರು 2-3 ಮಿಲಿಮೀಟರ್ ಸಡಿಲವನ್ನು ಉಳಿಸುವುದು ಅನೇಕ ವಾಹನಗಳಿಗೆ ಒಪ್ಪುವ ಅಳತೆ. ಹ್ಯಾಂಡಲನ್ನು ಯಾವ ಕಡೆಗೆ ತಿರುಗಿಸಿದರೂ ಅದು ಉಳಿದಿರಬೇಕು. ಲಿವರು ಕೈಗೆ ಭಾರವೆನಿಸಿದರೆ ತಿರುಪಿಗೆ ಕೈಹಾಕದೆ ಕೇಬಲ್ಲಿಗೆ ಎಣ್ಣೆ ಬಿಟ್ಟು ನೋಡಿ; ಅದರ ಎಳೆಗಳು ಹರಿದಿದ್ದರೆ ಹೊಸದನ್ನು ಹಾಕಿಸಿ.