ಕೆಂಪಿ ಮೊಟ್ಟೆ ನಿಲ್ಲಿಸಿದ ಹದಿನೆಂಟು ದಿನ

2024ರ ಏಪ್ರಿಲ್ 9, ಮಂಗಳವಾರ, ಯುಗಾದಿ. ಪಕ್ಕದ ಬೀದಿಯ ತಮಿಳರ ಮನೆಯಿಂದ ಬೇವಿನ ಸೊಪ್ಪು ತಂದು, ಬೇವು-ಬೆಲ್ಲ ಹಂಚಿ, ಒಬ್ಬಟ್ಟು ಉಂಡ ದಿನ. ಅಂದು ಬೆಳಿಗ್ಗೆ 9.40ಕ್ಕೆ ಕೆಂಪಿ ಒಂದು ಮೊಟ್ಟೆ ಇಟ್ಟಿತ್ತು. ಇಷ್ಟು ನಿಖರವಾಗಿ ಹೇಗೆ ಗೊತ್ತು ಎಂದರೆ ನಮ್ಮ ಮನೆಯಲ್ಲಿ ಮೊಟ್ಟೆಗೊಂದು ರಿಜಿಸ್ಟರ್ ಇದೆ. ತಾರೀಕು, ಸಮಯ, ಯಾವ ಕೋಳಿ, ತೂಕ, ಒಳಬಂದದ್ದು, ಹೊರಹೋದದ್ದು. ನಾನು ಕಾಮರ್ಸ್ ಓದಿ ಸಿಎ ಮಾಡಿದವನು. ಎರಡು ದಶಕದಿಂದ ಬೇರೆಯವರ ಲೆಕ್ಕ ನೋಡುತ್ತಾ ಬಂದವನು. ಹಿತ್ತಲಲ್ಲಿ ಕೋಳಿ ಕಟ್ಟಿದರೂ ಚಾಳಿ ಬಿಡಬೇಕಲ್ಲ!

ಆ ಮೊಟ್ಟೆಯ ನಂತರ ಕೆಂಪಿಯ ಸಾಲು ಖಾಲಿ ಬಿತ್ತು. ಒಂದು ದಿನ, ಎರಡು ದಿನ, ವಾರ.

ನಾವಿರುವುದು ಕ್ವಾಲಾಲಂಪುರದ ದಕ್ಷಿಣಕ್ಕಿರುವ ಸೆರೆಂಬಾನ್ ಪಟ್ಟಣದ ಅಂಚಿನಲ್ಲಿ. ಬಾಡಿಗೆಯ ಹಳೇ ಮನೆ, ಹಿಂದೆ ಎರಡು ರಂಬುಟಾನ್ ಮರ, ಒಂದಿಷ್ಟು ಜಾಗ. ಮಲೇಷ್ಯಾದಲ್ಲಿ ಸಾಲುಮನೆಯಲ್ಲಿರುವವರು ಕೋಳಿ ಸಾಕುವ ಮುನ್ನ ಸ್ಥಳೀಯ ಮಂಡಳಿಯ ಕಟ್ಟಳೆ ಕೇಳಿಕೊಳ್ಳುವುದು ಒಳ್ಳೆಯದು. ನಮ್ಮದು ಹಳ್ಳಿಗೆ ಹತ್ತಿರದ ಜಾಗವಾದ್ದರಿಂದ ಯಾರ ತಕರಾರೂ ಇಲ್ಲ. 2022ರ ಕೊನೆಯಲ್ಲಿ ಇಲ್ಲಿ ಮೊಟ್ಟೆಯ ಅಭಾವವಾಗಿತ್ತು. ಅಂಗಡಿಯ ಕಪಾಟುಗಳು ಬರಿದಾಗಿ, ಸರ್ಕಾರ ನಮ್ಮ ತಮಿಳುನಾಡಿನ ನಾಮಕ್ಕಲ್‌ನಿಂದ ಮೊಟ್ಟೆ ತರಿಸಿಕೊಳ್ಳುವ ಹಾಗಾಯಿತು. ಹಾಸನದ ಕಡೆಯವನಿಗೆ ಸಮುದ್ರದಾಚೆ ಬಂದು ನಾಮಕ್ಕಲ್ ಮೊಟ್ಟೆ ತಿನ್ನುವ ಯೋಗ. ಆಗಲೇ ಪಕ್ಕದ ಮನೆಯ ಮಕ್‌ಚಿಕ್ (ಮಲಯ್ ಮಾತಿನಲ್ಲಿ ಚಿಕ್ಕಮ್ಮ) "ಮೂರು ಕೋಳಿ ಸಾಕಿಕೋ, ಯಾರ ಹಂಗೂ ಬೇಡ" ಎಂದು ತಮ್ಮ ಗೂಡಿನಿಂದಲೇ ಮೂರು ಹೇಂಟೆ ಕೊಟ್ಟರು. ಇಲ್ಲಿ ಅದಕ್ಕೆ 'ಆಯಮ್ ಕಂಪುಂಗ್' ಅನ್ನುತ್ತಾರೆ. ನಮ್ಮ ನಾಟಿ ಕೋಳಿ ಎಂದುಕೊಳ್ಳಿ. ಕೆಂಪಿ ವಾರಕ್ಕೆ ನಾಲ್ಕೈದು ಮೊಟ್ಟೆ ಇಡುತ್ತಿದ್ದಳು.

ಯುಗಾದಿಯ ಮರುದಿನ ನಮಗೆ ಹೊಸತೊಡಕು. ಆ ವರ್ಷ ಅದೇ ದಿನ ಇಲ್ಲಿ ಹರಿ ರಾಯ, ಅಂದರೆ ರಂಜಾನ್ ಹಬ್ಬ. ಮಕ್‌ಚಿಕ್ ಮನೆಯಿಂದ ರೆಂಡಾಂಗ್ ಬಂತು, ನಮ್ಮ ಮನೆಯಿಂದ ಕೋಳಿ ಸಾರು ಹೋಯಿತು. ಸಾರಿನ ಕೋಳಿ ಮಾರ್ಕೆಟ್ಟಿನದು. ಆದರೆ ಅದರ ಮುಂದಿನ ವಾರ ಊಟಕ್ಕೆ ಬಂದ ಕನ್ನಡದ ಗೆಳೆಯರೊಬ್ಬರು ನನ್ನ ಖಾಲಿ ಸಾಲು ನೋಡಿ, "ಇಡದ ಕೋಳಿಗೆ ಮಸಾಲೆ ಅರೆಯೋದೇ ಸರಿ" ಎಂದಾಗ ಅಮ್ಮ ನಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಆ ಜನವರಿಯಲ್ಲಿ ಅಮ್ಮ ನಮ್ಮಲ್ಲಿಗೆ ಬಂದಿದ್ದರು. ನಾನೂ ಹೆಂಡತಿಯೂ ಆಫೀಸಿಗೆ, ಮಗಳು ಶಾಲೆಗೆ. ಹಗಲೆಲ್ಲ ಮನೆಯಲ್ಲಿ ಅಮ್ಮ ಒಬ್ಬರೇ, ಜೊತೆಗೆ ಮೂರು ಕೋಳಿ. ಮಲಯ್ ಬಾರದ ಅಮ್ಮ ದಿನವಿಡೀ ಮಾತಾಡುತ್ತಿದ್ದುದು ಅವುಗಳ ಜೊತೆಗೇ.

ನಾನು ನನ್ನ ವೃತ್ತಿಯ ಪ್ರಕಾರ ಹೊರಟೆ. ಮೊಟ್ಟೆ ನಿಲ್ಲಲು ಏನೇನು ಕಾರಣ ಎಂದು ಓದಿ, ಒಂದೊಂದನ್ನೇ ಹೊಡೆದುಹಾಕತೊಡಗಿದೆ. ಮೊದಲನೆಯದು ಬೆಳಕು. ಕೋಳಿಗೆ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ ಹದಿನಾಲ್ಕು ಗಂಟೆಯಷ್ಟು ಬೆಳಕಿದ್ದರೆ ಒಳ್ಳೆಯದು; ಬೆಳಕು ಕಣ್ಣಿನಿಂದಷ್ಟೇ ಅಲ್ಲ, ತಲೆಬುರುಡೆಯ ಮೂಲಕವೂ ಮಿದುಳಿಗೆ ತಲುಪಿ ಅಂಡಾಶಯಕ್ಕೆ ಸುದ್ದಿ ಮುಟ್ಟಿಸುತ್ತದೆ. ಇಂಗ್ಲೆಂಡಿನಲ್ಲಿ ಡಿಸೆಂಬರ್ ಹಗಲು ಎಂಟು ಗಂಟೆಯೂ ಇರುವುದಿಲ್ಲ, ಹಾಗಾಗಿ ಅಲ್ಲಿ ಹಿತ್ತಲ ಕೋಳಿಗಳು ಚಳಿಗಾಲದಲ್ಲಿ ರಜೆ ಹಾಕುತ್ತವೆ. ನಾವಿರುವುದು ಭೂಮಧ್ಯರೇಖೆಯಿಂದ ಮೂರು ಡಿಗ್ರಿಯೊಳಗೆ. ವರ್ಷಪೂರ್ತಿ ಏಳರ ಹೊತ್ತಿಗೆ ಬೆಳಗು, ಏಳು ದಾಟಿದ ಮೇಲೆ ಸಂಜೆ. ಹಗಲು ಹನ್ನೆರಡು ಗಂಟೆ, ಹೆಚ್ಚುಕಡಿಮೆ ನಿಮಿಷಗಳ ಲೆಕ್ಕ. ಇಲ್ಲಿನ ಕೋಳಿಗೆ ಋತುವಿನ ನೆಪವೇ ಇಲ್ಲ.

ಎರಡನೆಯದು ಮೇವು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಿಗದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ಕಿತ್ತುಕೊಡುತ್ತದೆ, ಆಮೇಲೆ ಸೋಲುತ್ತದೆ. ಅದಕ್ಕೇ ಮೊಟ್ಟೆ ಕೋಳಿಯ ಮೇವಿನಲ್ಲಿ ಶೇ. 16ರಿಂದ 18 ಪ್ರೋಟೀನ್, ಶೇ. 3.5ರಿಂದ 4 ಕ್ಯಾಲ್ಸಿಯಂ ಇರುತ್ತದೆ. ಅನ್ನ, ದೋಸೆ ಚೂರು, ಚಪಾತಿ ಎಂದು ಪ್ರೀತಿಯಿಂದ ಹಾಕುತ್ತಾ ಹೋದರೆ ಹೊಟ್ಟೆ ತುಂಬಿ ಅಸಲು ಮೇವು ಒಳಗೆ ಇಳಿಯುವುದಿಲ್ಲ. ನಮ್ಮಲ್ಲಿ ಅಮ್ಮ ಬಂದ ಮೇಲೆ ಅನ್ನದ ಪ್ರಮಾಣ ಜಾಸ್ತಿಯಾಗಿತ್ತು, ನಿಜ. "ಅಮ್ಮಾ, ಅನ್ನ ಕಡಿಮೆ ಮಾಡು" ಎಂದೆ. ಅಮ್ಮ ಕೇಳಿಸಿಕೊಂಡಂತೆ ಮಾಡಿದರು.

ಮೂರನೆಯದು ಬಿಸಿಲು. ಆ ವರ್ಷ ಎಲ್ ನಿನೊ ಕಾಟದಿಂದ ಮಾರ್ಚ್-ಏಪ್ರಿಲ್‌ನಲ್ಲಿ ಇಲ್ಲಿ ಶಾಖದ ಎಚ್ಚರಿಕೆ ಹೊರಟಿತ್ತು. ಕೋಳಿಗೆ ಬೆವರು ಗ್ರಂಥಿ ಇಲ್ಲ. ಮೂವತ್ತು ಡಿಗ್ರಿ ದಾಟಿದರೆ ಕೊಕ್ಕು ತೆರೆದು ಏದುತ್ತದೆ, ಮೇವು ಬಿಡುತ್ತದೆ, ಚಿಪ್ಪು ತೆಳ್ಳಗಾಗುತ್ತದೆ. ಕಲ್ಲಂಗಡಿ ಸಿಪ್ಪೆ, ನೆರಳು, ತಣ್ಣೀರು ಎಲ್ಲ ಆಯಿತು. ಪುಕ್ಕ ಉದುರಿಸುವ ಕಾಲವೋ ಎಂದು ನೋಡಿದೆ. ಆಗಲೂ ಎರಡು ಮೂರು ತಿಂಗಳು ಮೊಟ್ಟೆ ನಿಲ್ಲುವುದುಂಟು. ಕೆಂಪಿ ಮದುವಣಗಿತ್ತಿಯಂತೆ ಮಿರಮಿರ ಮಿಂಚುತ್ತಿದ್ದಳು. ರೆಕ್ಕೆಯಡಿ ಹೇನಿಲ್ಲ. ವಯಸ್ಸು ಎರಡೂ ತುಂಬಿಲ್ಲ.

ಇಷ್ಟೆಲ್ಲ ಹಾಳೆಯಲ್ಲಿ ಗೀಚಿದ ಮೇಲೆ ಹೊಳೆದದ್ದು, ಮೊದಲೇ ಹೊಳೆಯಬೇಕಾಗಿದ್ದ ಮಾತು. ಮೂರೂ ಕೋಳಿ ಒಂದೇ ಗೂಡು, ಒಂದೇ ಮೇವು, ಒಂದೇ ಬಿಸಿಲು. ಉಳಿದೆರಡು ಇಡುತ್ತಲೇ ಇವೆ. ಮೊಟ್ಟೆಯ ಬಣ್ಣ, ಆಕಾರ ನೋಡಿದರೆ ಯಾವುದು ಯಾರದೆಂದು ನಮಗೆ ಗೊತ್ತು. ಅಂದರೆ ಕಾರಣ ಎಲ್ಲರಿಗೂ ಸಮಾನವಾದದ್ದಲ್ಲ. ಸ್ಟಾಕ್ ಕಡಿಮೆ ಬಿದ್ದು, ಉತ್ಪಾದನೆಗೆ ಕಾರಣ ಕಾಣದಿದ್ದರೆ ಲೆಕ್ಕಿಗನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಕಳವಿಗೆ.

ನಮ್ಮ ಹಿತ್ತಲ ಹುಲ್ಲು ಕತ್ತರಿಸಲು ಶನಿವಾರಗಳಂದು ಬಾಂಗ್ಲಾದೇಶದ ಹುಡುಗನೊಬ್ಬ ಬರುತ್ತಿದ್ದ. ವಯಸ್ಸು ಇಪ್ಪತ್ತೆರಡು ಇಪ್ಪತ್ಮೂರು. ಮಿಷನ್ ಹೆಗಲಿಗೆ ಹಾಕಿಕೊಂಡು ಒಂದು ತಾಸು ಕೆಲಸ, ಅಮ್ಮ ಕೊಟ್ಟ ಟೀ ಕುಡಿದು ಹೋಗುವುದು. ವಾರಕ್ಕೊಮ್ಮೆ ಬರುವವನು ದಿನದಿನದ ಮೊಟ್ಟೆ ಹೇಗೆ ಒಯ್ದಾನು, ಅದೂ ಒಂದೇ ಕೋಳಿಯದನ್ನು ಆರಿಸಿ? ಈ ಪ್ರಶ್ನೆ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಏಪ್ರಿಲ್ ಕೊನೆಯ ದಿನಗಳು ನಮ್ಮ ಕಸುಬಿನವರಿಗೆ ಉಸಿರಾಡಲೂ ಬಿಡುವಿಲ್ಲದ ಕಾಲ. ಇಲ್ಲಿ ಸಂಬಳದಾರರ ತೆರಿಗೆ ಲೆಕ್ಕ ಸಲ್ಲಿಸಲು ಏಪ್ರಿಲ್ 30 ಗಡುವು, ಜೊತೆಗೆ ಡಿಸೆಂಬರ್‌ಗೆ ಲೆಕ್ಕ ಮುಗಿಸಿದ ಕಂಪನಿಗಳ ಆಡಿಟ್. ಆದರೆ ಅದು ನೆಪ. 20ನೇ ತಾರೀಕು ಅವನು ಬಂದಾಗ ಗೂಡಿನ ಮುಂದೆ ನಿಂತು ಕೇಳಿದೆ: "ಇದರಲ್ಲಿ ಮೊಟ್ಟೆ ನೋಡಿದೆಯಾ?" ಅವನು "ಇಲ್ಲ" ಎಂದ. "ಒಂದೂ ಇಲ್ಲವಾ?" ಎಂದು ಮತ್ತೆ ಕೇಳಿದೆ. ಆ ಎರಡನೇ ಸಲದ ದನಿ ಯಾವ ಭಾಷೆಯವನಿಗೂ ಅರ್ಥವಾಗುವಂಥದ್ದು. ಸಾಲದ್ದಕ್ಕೆ, "ಆ ಮೂಲೆ ಎರಡು ವಾರದಿಂದ ಹಾಗೇ ಬಿಟ್ಟಿದ್ದೀಯ, ಕೆಲಸ ಪೂರ್ತಿ ಮಾಡು" ಎಂದೂ ಸೇರಿಸಿದೆ. ಅವನು ತಲೆ ಬಗ್ಗಿಸಿ ಹೋದ. ಮುಂದಿನ ಶನಿವಾರ ಮನೆಯ ಮುಂದಿನದಷ್ಟೇ ಕತ್ತರಿಸಿ, ಹಿಂದಕ್ಕೆ ಕಾಲಿಡದೆ ಹೊರಟುಹೋದ.

"ಆ ಹುಡ್ಗ ಇವತ್ತು ಟೀನೂ ಕುಡೀಲಿಲ್ಲ" ಎಂದರು ಅಮ್ಮ. ಏನಾಯಿತೆಂದು ಕೇಳಿದರು. ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೋಳಿ ಮೊಟ್ಟೆ ನಿಲ್ಸಿದೆ ಅಂತ ನಿಂಗೆ ಯಾರ್ ಹೇಳಿದ್ರು?" ಎಂದರು.

ಮರುದಿನ ಭಾನುವಾರ ನಸುಕಿನಲ್ಲಿ ಅಮ್ಮ ಕೆಂಪಿಯನ್ನು ಕಂಕುಳಲ್ಲಿ ಹಿಡಿದು ನನ್ನನ್ನು ಕರೆದರು. "ನೋಡು, ಜುಟ್ಟು ಹೆಂಗೆ ಕೆಂಪಗೈತೆ. ಮೊಟ್ಟೆ ನಿಂತಿರೋ ಹ್ಯಾಟೆ ಜುಟ್ಟು ಬಾಡಿ ಸಣ್ಣಗಾಯ್ತದೆ ಕಣಪ್ಪ." ಬಾಲದ ಕೆಳಗಿನ ಎರಡು ಮೊನೆಮೂಳೆಗಳ ನಡುವೆ ನನ್ನ ಬೆರಳಿಡಿಸಿದರು. ಮೂರು ಬೆರಳು ಹಿಡಿಸಿತು. ಇಡದ ಕೋಳಿಯಾದರೆ ಒಂದು ಬೆರಳಿಗೂ ಕಷ್ಟ. ಇದನ್ನು ನಾನು ಆ ವಾರವೇ ಓದಿದ್ದೆ, ಆದರೆ ಕೋಳಿ ಹಿಡಿಯಲು ಬಾರದೆ ಬಿಟ್ಟಿದ್ದೆ. ಅಮ್ಮ ಇನ್ನೊಂದು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, "ಇವತ್ತು ಐತೆ, ಗಟ್ಟಿಯಾಗೈತೆ" ಎಂದರು.

ಮೊಟ್ಟೆ ಒಳಗೆ ತಯಾರಾಗಲು ಸುಮಾರು ಇಪ್ಪತ್ತೈದು ಇಪ್ಪತ್ತಾರು ಗಂಟೆ ಬೇಕು. ಅದರಲ್ಲಿ ಇಪ್ಪತ್ತು ಗಂಟೆಯಷ್ಟು ಬರೀ ಚಿಪ್ಪಿನ ಕೆಲಸ. ಹಾಗಾಗಿ ಇಡುವ ಸಮಯ ದಿನಾ ಸ್ವಲ್ಪ ಸ್ವಲ್ಪ ಮುಂದಕ್ಕೆ ಹೋಗಿ, ತೀರಾ ತಡವಾದಾಗ ಒಂದು ದಿನ ತಪ್ಪುತ್ತದೆ. ನನ್ನ ರಿಜಿಸ್ಟರಿನ ಹಳೆಯ ಪುಟಗಳಲ್ಲಿ ಅದು ಮೆಟ್ಟಿಲಿನ ಹಾಗೆ ಕಾಣುತ್ತದೆ. ಆದರೆ ಚಿಪ್ಪು ಕಟ್ಟಿದ ಮೊಟ್ಟೆ ಒಳಗಿದೆಯೋ ಇಲ್ಲವೋ ಎಂಬುದು ಅಮ್ಮನ ಬೆರಳಿಗೆ ಗೊತ್ತು. ಊರಿನಲ್ಲಿ ಅಜ್ಜಿ ದಿನಾ ಬೆಳಿಗ್ಗೆ ಹೀಗೆ ಮುಟ್ಟಿ ನೋಡಿ, ಇಡುವಂಥವನ್ನು ಮಂಕರಿಯಡಿ ಕವುಚಿಹಾಕುತ್ತಿದ್ದದ್ದು ಆಗ ನೆನಪಾಯಿತು.

ಕೆಂಪಿಯನ್ನೂ ಬಟ್ಟೆಯ ಬುಟ್ಟಿಯಡಿ ಕವುಚಿಟ್ಟೆವು. ಹತ್ತು ಗಂಟೆಯಾಗುವ ಹೊತ್ತಿಗೆ ಒಳಗೆ ಚಡಪಡಿಕೆ, ಸುತ್ತು ಹಾಕುವುದು, ಗೊರಗೊರ ಸದ್ದು. "ಈಗ ಬಿಡು. ಹಿಂದೆ ಓಡಬ್ಯಾಡ, ದೂರ್‌ದಿಂದ ನೋಡು" ಎಂದರು ಅಮ್ಮ. ಬಿಟ್ಟ ಕೂಡಲೇ ಕೆಂಪಿ ಗೂಡಿನ ಕಡೆ ತಿರುಗಿಯೂ ನೋಡಲಿಲ್ಲ. ನೀರಿನ ತೊಟ್ಟಿ ಬಳಸಿ, ಬೇಲಿಗುಂಟ ಓಡಿ, ಮಜ್ಜಿಗೆಹುಲ್ಲಿನ ಪೊದೆಯೊಳಗೆ ನುಗ್ಗಿದಳು. ಹುಡುಗ ಕತ್ತರಿಸದೆ ಬಿಟ್ಟಿದ್ದ ಮೂಲೆ ಅದೇ.

ಅರ್ಧ ಗಂಟೆ ಬಿಟ್ಟು ಅವಳು ಈಚೆ ಬಂದು ಕೊಕ್ಕೊಕ್ಕೊ ಎಂದು ಊರಿಗೆಲ್ಲ ಸಾರಿದಳು. ಬೇಲಿಯಾಚೆಯಿಂದ ಮಕ್‌ಚಿಕ್ ನಗುತ್ತಾ ಮಲಯ್ ಗಾದೆಯೊಂದನ್ನು ಹೇಳಿದರು: ಆಮೆ ಸಾವಿರ ಮೊಟ್ಟೆ ಇಟ್ಟರೂ ಒಬ್ಬರಿಗೂ ಗೊತ್ತಾಗದು, ಕೋಳಿ ಒಂದು ಇಟ್ಟರೆ ನಾಡಿಗೇ ಸುದ್ದಿ. ಅಮ್ಮನಿಗೆ ಅನುವಾದಿಸಿದೆ. "ಈ ಸುದ್ದಿ ನಾನು ದಿನಾ ಕೇಳ್ತಾನೇ ಇದ್ದೆ" ಎಂದರು. ಕೂಗು ಬರುತ್ತಿದ್ದದ್ದು ಬೇಲಿ ಕಡೆಯಿಂದ. ಮಂಡಿನೋವು, ಹಾವಿನ ಭಯ, ಆ ಹುಲ್ಲಿಗೆ ಇಳಿಯಲಾಗದು. ಪೊದೆ ನೋಡು ಎಂದು ಎರಡು ಸಲ ನನಗೆ ಹೇಳಿದ್ದರಂತೆ. ನಾನು ಲ್ಯಾಪ್‌ಟಾಪ್ ಮುಂದೆ "ಹ್ಞೂಂ, ಭಾನುವಾರ" ಎಂದಿದ್ದೆನಂತೆ.

ಪೊದೆಯೊಳಗೆ ಒಂಬತ್ತು ಮೊಟ್ಟೆ. ನನ್ನ ಅಂದಾಜು ಹನ್ನೊಂದು. ಎರಡರ ಲೆಕ್ಕ ಪಕ್ಕದಲ್ಲಿ ಬಿದ್ದಿದ್ದ ಚಿಪ್ಪಿನ ಚೂರು ಹೇಳಿತು. ಇಲ್ಲಿ ಚರಂಡಿಗುಂಟ ಓಡಾಡುವ ಉಡದ ಜಾತಿಯ 'ಬಿಯಾವಾಕ್'ಗೆ ಮೊಟ್ಟೆ ಎಂದರೆ ಪ್ರಾಣ. ನೀರಿನ ಪಾತ್ರೆಯಲ್ಲಿ ಬಿಟ್ಟು ನೋಡಿದೆವು: ಐದು ತಳದಲ್ಲಿ ಮಲಗಿದವು, ಮೂರು ನೆಟ್ಟಗೆ ನಿಂತವು, ಒಂದು ತೇಲಿತು. ಹಳತಾದಂತೆ ಒಳಗಿನ ನೀರಂಶ ಆರಿ ಗಾಳಿಚೀಲ ದೊಡ್ಡದಾಗುವುದೇ ಇದರ ಗುಟ್ಟು. ತೇಲಿದ್ದನ್ನು ಹೂತೆವು. ಹುಂಜ ಇಲ್ಲದ ಮನೆ, ಮರಿಯಾಗುವಂತಿಲ್ಲ; ಆದರೂ ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಕೆಂಪಿ ಕಾವಿಗೆ ಕೂತು ನಿಜವಾಗಿಯೂ ಮೊಟ್ಟೆ ನಿಲ್ಲಿಸುತ್ತಿದ್ದಳು ಎಂದು ಅಮ್ಮನ ತೀರ್ಮಾನ. ಆಮೇಲೆ ಕಾವು ಬಿಡಿಸಲು ನೀರಿಗೆ ಅದ್ದುವ, ಮೂಗಿಗೆ ಪುಕ್ಕ ಸಿಕ್ಕಿಸುವ ಹಳ್ಳಿ ಮದ್ದು ನನಗೆ ಇಷ್ಟವಿಲ್ಲ. ತಳದಲ್ಲಿ ಗಾಳಿಯಾಡುವ ತಂತಿ ಪಂಜರದಲ್ಲಿ ಮೂರು ನಾಲ್ಕು ದಿನ, ನೀರು ಮೇವಿನ ಜೊತೆ, ಇಟ್ಟರೆ ಸಾಕು.

ಗೂಡು ಬಿಟ್ಟದ್ದೇಕೆ? ಹರಿ ರಾಯದ ಹಿಂದಿನ ರಾತ್ರಿ ಸುತ್ತಲಿನ ಮಕ್ಕಳು ಹೊಡೆದ ಪಟಾಕಿಯ ಕಾಗದದ ಚೂರುಗಳು ಬೇಲಿ ಪಕ್ಕದ ಕೊನೆಯ ಪೆಟ್ಟಿಗೆಯ ಹಿಂದೆ ಸಿಕ್ಕವು. ಅದು ಕೆಂಪಿಯ ಪೆಟ್ಟಿಗೆ. ಮೇಲೆ ಕಾದ ತಗಡು ಬೇರೆ. ಪೆಟ್ಟಿಗೆಯನ್ನು ರಂಬುಟಾನ್ ನೆರಳಿಗೆ ಸರಿಸಿ, ಒಣಹುಲ್ಲು ಹಾಸಿ, ಒಂದು ಮೊಟ್ಟೆಗೆ ಪೆನ್ಸಿಲ್ ಗುರುತು ಮಾಡಿ ಅದರಲ್ಲೇ ಬಿಟ್ಟೆವು. ನಾಲ್ಕು ದಿನ ಮಧ್ಯಾಹ್ನದವರೆಗೆ ಮೂವರನ್ನೂ ಗೂಡಿನಲ್ಲೇ ಕೂಡಿಹಾಕಿದ್ದಾಯಿತು. ಐದನೇ ದಿನದಿಂದ ಕೆಂಪಿಯ ಸಾಲು ಮತ್ತೆ ತುಂಬತೊಡಗಿತು.

ಮೇ 4ರ ಶನಿವಾರ ಹುಡುಗ ಬಂದಾಗ ನಾನೇ ಗೇಟಿಗೆ ಹೋದೆ. ನನ್ನ ಹರಕು ಮಲಯ್‌ನಲ್ಲಿ ತಪ್ಪಾಯಿತೆಂದು ಹೇಳಿದೆ. ಮೊಟ್ಟೆ ಎಲ್ಲಿತ್ತೆಂದು ತೋರಿಸಿದೆ. ಅವನು ಆಶ್ಚರ್ಯಪಡಲಿಲ್ಲ. "ಗೊತ್ತು. ಅಲ್ಲಿ ಕೋಳಿ ಕೂರುತ್ತೆ. ಅದಕ್ಕೇ ಮಿಷನ್ ಹತ್ತಿರ ಒಯ್ಯಲಿಲ್ಲ. ನೀವೇ ಹಾಗೆ ಬಿಟ್ಟಿದ್ದೀರಿ ಅಂದುಕೊಂಡೆ" ಎಂದ. ನಾನು ಕೇಳಿದ್ದು ಗೂಡಿನಲ್ಲಿ ಮೊಟ್ಟೆ ಇತ್ತಾ ಎಂದು. ಗೂಡಿನಲ್ಲಿ ಇರಲಿಲ್ಲ.

ಅಮ್ಮ ಟೀ ತಂದರು, ಜೊತೆಗೆ ಪೇಪರಿನಲ್ಲಿ ಸುತ್ತಿದ ಆರು ಮೊಟ್ಟೆ. ಅವನು ಮೊದಲು ಬೇಡ ಎಂದ, ಅಮ್ಮ ಕನ್ನಡದಲ್ಲೇ ಗದರಿದ ಮೇಲೆ ತೆಗೆದುಕೊಂಡ. ಅಂದಿನ ಪುಟದಲ್ಲಿ, ಅಲ್ಲಿಯವರೆಗೆ ಒಮ್ಮೆಯೂ ತುಂಬದ 'ಹೊರಹೋದದ್ದು' ಕಾಲಮ್ಮಿನಲ್ಲಿ ಆರು ಎಂದು ಬರೆದೆ.