ಅಪ್ಪನಿಗೊಂದು ಸೈಟ್ ಹುಡುಕಿದ ಕಥೆ

"ಅಪ್ಪಂಗೆ ಒಂದು ಒಳ್ಳೆ ಸೈಟ್ ನೋಡ್ತಿದೀನಿ" ಅಂತ ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದ್ದೇ ತಪ್ಪಾಯ್ತು. ಸುತ್ತ ಕೂತ ನಾಲ್ಕು ಜನರೂ ಊಟ ನಿಲ್ಲಿಸಿದರು. "ಥರ್ಟಿ ಫಾರ್ಟಿನಾ? ಬಿಡಿಎದಾ, ರೆವಿನ್ಯೂನಾ? ಎ ಖಾತಾನಾ ಬಿ ಖಾತಾನಾ?" ಬೆಂಗಳೂರಿನಲ್ಲಿ, ಅದರಲ್ಲೂ ಕೆ.ಆರ್. ಪುರದಲ್ಲಿ ಮನೆ ಇರುವವನು ಸೈಟ್ ಅಂದರೆ ಬೇರೆ ಅರ್ಥವೇ ಇಲ್ಲ. "ಇದು ಅಂಗೈಯಷ್ಟು ಉದ್ದ ಇರುತ್ತೆ ಕಣ್ರೋ, ನಡುವೆ ಒಂದು ಮಿಲಿಮೀಟರ್ ತೂತು" ಅಂದೆ. ಎಲ್ಲರಿಗೂ ನಿರಾಸೆಯಾಯ್ತು.

ನಾನು ಹೇಳಿದ್ದು ರೈಫಲ್ಲಿನ ಮೇಲೆ ಕೂರಿಸುವ ಸೈಟ್ ಬಗ್ಗೆ, ತೂತಿನ ಮೂಲಕ ಗುರಿ ನೋಡುವ ಅಪರ್ಚರ್ ಸೈಟ್ ಬಗ್ಗೆ. ಪೀಪ್ ಸೈಟ್ ಅಂತಲೂ ಕರೀತಾರೆ. ಅದನ್ನು ಹುಡುಕುತ್ತಾ ಹೋದವನಿಗೆ ಅಪ್ಪ ಎರಡು ವರ್ಷದಿಂದ ಮನೆಯವರಿಂದ ಮುಚ್ಚಿಟ್ಟಿದ್ದ ಒಂದು ವಿಷಯ ಸಿಕ್ಕಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

"ಕಣ್ಣು ಹೋಯ್ತು ಬಿಡು"

ಅಪ್ಪನಿಗೆ 64. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಟೂಲ್ ರೂಮಿನಲ್ಲಿದ್ದವರು. ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್ ಆಗಿದ್ದಾಗ .22 ರೈಫಲ್ಲಿನಲ್ಲಿ ಹೊಡೆದ ಐದು ಗುಂಡು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗಿತ್ತು ಅನ್ನೋದು ನಮ್ಮ ಮನೆಯ ಪುರಾಣ. ನಿವೃತ್ತಿಯಾದ ಮೇಲೆ ಪೇಪರ್, ಟಿವಿ, ಸಂಜೆ ಒಂದು ವಾಕ್, ಅಷ್ಟೇ.

ಕಳೆದ ವರ್ಷ ಇಂದಿರಾನಗರದ ಒಂದು ಕಟ್ಟಡದ ಮೇಲ್ಮಹಡಿಯಲ್ಲಿದ್ದ ಏರ್ ರೈಫಲ್ ರೇಂಜಿಗೆ ನಾನು ಸೇರಿಕೊಂಡೆ. ದಿನಕ್ಕೆ ಹತ್ತು ಗಂಟೆ ಸ್ಕ್ರೀನ್ ನೋಡುವವನಿಗೆ ಹತ್ತು ಮೀಟರ್ ದೂರದ ಒಂದೇ ಚುಕ್ಕೆ ನೋಡೋದು ದೊಡ್ಡ ವಿಶ್ರಾಂತಿ. ಒಂದು ಭಾನುವಾರ ಅಪ್ಪನನ್ನೂ ಮೆಟ್ರೋ ಹತ್ತಿಸಿಕೊಂಡು ಹೋದೆ. ರೇಂಜಿನವರು ಸಾಧಾರಣ ಏರ್ ರೈಫಲ್ ಕೊಟ್ಟರು. ಹಿಂದೆ ವಿ ಆಕಾರದ ಕಚ್ಚು, ಮುಂದೆ ಒಂದು ಕಡ್ಡಿ. ಅಪ್ಪ ನಿಂತ ಭಂಗಿ ನೋಡಿ ಕೋಚ್ "ಸರ್ ಹಳೇ ಹುಲಿ" ಅಂದರು. ಹತ್ತು ಪೆಲೆಟ್ ಹೊಡೆದಾಯ್ತು. ಟಾರ್ಗೆಟ್ ಕಾಗದ ಹತ್ತಿರ ಬಂದಾಗ ಕಪ್ಪಿನೊಳಗೆ ಎರಡೇ ತೂತು.

ಅಪ್ಪ ರೈಫಲ್ ಮೆಲ್ಲಗೆ ಕೆಳಗಿಟ್ಟರು. "ಕಣ್ಣು ಹೋಯ್ತು ಬಿಡು ಮಗಾ. ನಡಿ, ಅಮ್ಮ ಊಟಕ್ಕೆ ಕಾಯ್ತಿರ್ತಾಳೆ." ದಾರಿಯುದ್ದಕ್ಕೂ ಮಾತಿಲ್ಲ.

ಚಾಳೀಸಿನ ಲೆಕ್ಕ

ಕೋಚ್ ಮರುದಿನ ಫೋನಿನಲ್ಲಿ ವಿವರಿಸಿದರು. ಓಪನ್ ಸೈಟಿನಲ್ಲಿ ಕಣ್ಣು ಮೂರು ವಸ್ತುಗಳನ್ನು ಒಂದೇ ಗೆರೆಗೆ ತರಬೇಕು: ಹತ್ತಿರದ ಕಚ್ಚು, ಕೊಳವೆಯ ತುದಿಯ ಕಡ್ಡಿ, ದೂರದ ಗುರಿ. ಒಂದು ಸಲಕ್ಕೆ ಕಣ್ಣು ಒಂದೇ ದೂರಕ್ಕೆ ಫೋಕಸ್ ಮಾಡಬಲ್ಲದು. ಹರೆಯದ ಕಣ್ಣಿನ ಮಸೂರ ಮೆತ್ತಗಿರುತ್ತೆ, ಮೂರರ ನಡುವೆ ಚಕಚಕನೆ ಓಡಾಡುತ್ತೆ. ನಲವತ್ತು ದಾಟಿದ ಮೇಲೆ ಮಸೂರ ಗಟ್ಟಿಯಾಗುತ್ತಾ ಬಂದು ಹತ್ತಿರದ್ದು ಮಸುಕಾಗುತ್ತೆ. ಓದುವ ಕನ್ನಡಕಕ್ಕೆ ನಮ್ಮ ಹಿರಿಯರು ಚಾಳೀಸು ಅಂತ ಹೆಸರಿಟ್ಟಿದ್ದು ಸುಮ್ಮನಲ್ಲ. ಚಾಳೀಸು ಹಾಕಿಕೊಂಡರೆ ಕಚ್ಚು ಕಾಣುತ್ತೆ, ಗುರಿ ಮಾಯ. ತೆಗೆದರೆ ಗುರಿ ಇದೆ, ಕಚ್ಚಿಲ್ಲ.

ನನ್ನ ಟೀಮಿನಲ್ಲಿ ವಿರಾಜಪೇಟೆ ಕಡೆಯ ಹುಡುಗನೊಬ್ಬನಿದ್ದಾನೆ. ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. "ನಮ್ಮ ತಾತ ಕೋವಿ ಬಿಟ್ಟಿದ್ದೂ ಹಿಂಗೇ. ಕೈ ನಡುಗಿ ಅಲ್ಲ, ಮುಂದಿನ ಕಡ್ಡಿ ಎರಡೆರಡು ಕಾಣ್ತಿದೆ ಅಂತ" ಅಂದ.

ಸೇಫ್ಟಿ ಪಿನ್ ಪ್ರಯೋಗ

ಇಲ್ಲಿ ಒಂದು ನಿಮಿಷ ಓದು ನಿಲ್ಲಿಸಿ. ಒಂದು ಹಳೇ ವಿಸಿಟಿಂಗ್ ಕಾರ್ಡಿಗೆ ಸೇಫ್ಟಿ ಪಿನ್ನಿನಿಂದ ತೂತು ಮಾಡಿ. ಕನ್ನಡಕವಿದ್ದರೆ ತೆಗೆಯಿರಿ. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ತೂತನ್ನು ಹತ್ತಿರ ಹಿಡಿದು ನಿಮಗೆ ಮಸುಕಾಗಿ ಕಾಣುವ ಯಾವುದಾದರೂ ಅಕ್ಷರ ನೋಡಿ. ಬೆಳಕು ಕಡಿಮೆಯಾಯಿತು, ಆದರೆ ಅಕ್ಷರ ಚೂಪಾಯಿತು, ಅಲ್ವಾ?

ಅಪರ್ಚರ್ ಸೈಟಿನ ಗುಟ್ಟು ಇಷ್ಟೇ. ಸಣ್ಣ ತೂತಿನಿಂದ ಬರುವ ಬೆಳಕಿನ ಕಿರಣಗಳು ಹೆಚ್ಚು ಹರಡುವುದಿಲ್ಲ. ಹಾಗಾಗಿ ಹತ್ತಿರದ ಕಡ್ಡಿಯೂ ದೂರದ ಗುರಿಯೂ ಒಟ್ಟಿಗೆ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತವೆ. ಫೋನ್ ಕ್ಯಾಮೆರಾದ ಪೋರ್ಟ್ರೇಟ್ ಮೋಡಿನಲ್ಲಿ ಹಿನ್ನೆಲೆ ಮಸುಕಾಗುತ್ತಲ್ಲ, ಅದರ ತದ್ವಿರುದ್ಧ. ಇನ್ನೊಂದು ಲಾಭವೂ ಇದೆ. ತೂತನ್ನು ನೋಡಬೇಕಾಗಿಲ್ಲ, ತೂತಿನ ಮೂಲಕ ನೋಡಬೇಕು. ನಡುವೆ ಹೆಚ್ಚು ಬೆಳಕಿರುವುದರಿಂದ ಕಣ್ಣು ತಾನಾಗೇ ನಡುವಿಗೆ ಬಂದು ನಿಲ್ಲುತ್ತೆ. ಮೂರು ವಸ್ತುಗಳ ಕೆಲಸ ಎರಡಕ್ಕೆ ಇಳಿಯಿತು.

ಯಾವ ತೂತು, ಯಾವ ಬಂದೂಕು?

ಇದು ಹೊಸ ಉಪಾಯವಲ್ಲ. ಅಮೆರಿಕದಲ್ಲಿ ವಿಲಿಯಂ ಲೈಮನ್ 1879ರಲ್ಲೇ ಇಂಥ ಸೈಟಿಗೆ ಪೇಟೆಂಟ್ ಪಡೆದಿದ್ದ. ಕೌಬಾಯ್ ಸಿನಿಮಾಗಳಲ್ಲಿ ಟ್ರಿಗರ್ ಕೆಳಗಿನ ಲಿವರ್ ಎಳೆದು ಗುಂಡು ತುಂಬುವ ರೈಫಲ್ ನೋಡಿರುತ್ತೀರಿ, ವಿಂಚೆಸ್ಟರ್ 1894 ಥರದ್ದು. ಅದರ ಖಾಲಿ ತೋಟಾ ಮೇಲಿನಿಂದಲೇ ಹಾರುತ್ತಿದ್ದರಿಂದ ನಡುವೆ ದುರ್ಬೀನು ಕೂರಿಸೋದು ಕಷ್ಟವಿತ್ತು. ಹಾಗಾಗಿ ಲಿವರ್ ರೈಫಲ್ ಮತ್ತು ಪೀಪ್ ಸೈಟಿನ ಜೋಡಿ ಗಟ್ಟಿಯಾಯಿತು. ಅದರಲ್ಲಿ ಎರಡು ಬಗೆ. ತೂತು ದೊಡ್ಡದಾಗಿ ಅಂಚು ತೆಳುವಾಗಿದ್ದರೆ ಬೇಗ ಗುರಿ ಸಿಗುತ್ತೆ, ಮಬ್ಬುಬೆಳಕಲ್ಲೂ ನಡೆಯುತ್ತೆ. ತೂತು ಸಣ್ಣದಾಗಿ ಸುತ್ತ ಅಗಲ ತಟ್ಟೆ ಇದ್ದರೆ ನಿಧಾನ, ಆದರೆ ನಿಖರ. ಕಾಗದದ ಗುರಿಗೆ ಎರಡನೆಯದೇ ಸರಿ.

ನಮಗೆ ಬೇಕಿದ್ದದ್ದು ಏರ್ ರೈಫಲ್ಲಿಗೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. (.177) ಕೊಳವೆಯ, 20 ಜೂಲ್ ಒಳಗಿನ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಹಾಗಂತ ಟೆರೇಸ್ ಮೇಲೆ, ಹಕ್ಕಿಗಳ ಮೇಲೆ ಪ್ರಯೋಗ ಮಾಡೋ ವಸ್ತುವಲ್ಲ. ಅಮ್ಮ ಮನೆಯೊಳಗೆ ಬಿಟ್ಟುಕೊಂಡದ್ದೇ "ರೇಂಜಲ್ಲಿ ಬಿಟ್ಟು ಬೇರೆಲ್ಲೂ ಡಬ್ಬಿ ಬಿಚ್ಚಬಾರದು" ಅನ್ನೋ ಷರತ್ತಿನ ಮೇಲೆ.

ಮೊದಲ ಸಲ ನಾನು ಎಡವಿದೆ. ಕೊಳವೆಯನ್ನೇ ಮಡಚಿ ಗಾಳಿ ತುಂಬುವ ಹಳೇ ರೈಫಲ್ಲಿಗೆ ಅಗ್ಗದ ಪೀಪ್ ಸೈಟ್ ತಂದೆ. ಅಪ್ಪ ಅದನ್ನು ತಿರುಗಿಸಿ ನೋಡಿ ಕೇಳಿದರು, "ಸೈಟ್ ಕೂರೋದು ಮೈ ಮೇಲೆ, ಮುಂದಿನ ಕಡ್ಡಿ ಇರೋದು ಕೊಳವೆ ಮೇಲೆ. ಪ್ರತೀ ಸಲ ಕೊಳವೆ ಮಡಚಿ ಮುಚ್ಚಿದಾಗ ಅದೇ ಜಾಗಕ್ಕೆ ಬರುತ್ತೆ ಅಂತ ಯಾವನೋ ಹೇಳ್ದೋನು?" ಮೂವತ್ತು ವರ್ಷ ಟೂಲ್ ರೂಮಿನಲ್ಲಿದ್ದವರ ಪ್ರಶ್ನೆ. ಕೊಳವೆ ಸ್ಥಿರವಾಗಿದ್ದು, ಕೆಳಗಿನ ಅಥವಾ ಪಕ್ಕದ ಲಿವರ್ ಎಳೆದು ಗಾಳಿ ತುಂಬುವ ರೈಫಲ್ಲಿನಲ್ಲಿ ಈ ತಲೆನೋವಿಲ್ಲ. ಕೊನೆಗೆ ಅಂಡರ್ ಲಿವರ್ ಒಂದನ್ನೇ ಕೊಂಡೆವು.

ಆಮೇಲೆ ಕಲಿತ ಪಾಠಗಳು, ನಿಮಗೂ ಉಪಯೋಗಕ್ಕೆ ಬರಬಹುದು:

ರೇಲ್ ನೋಡಿ. ಬಹುಪಾಲು ಏರ್ ರೈಫಲ್ಲಿನ ಮೇಲೆ 11 ಮಿ.ಮೀ. ಡವ್‌ಟೇಲ್ ಹಳಿ ಇರುತ್ತೆ. ಅಗಲದ ಪಿಕಟಿನಿ ಹಳಿಯ ಸೈಟ್ ಅದಕ್ಕೆ ಹಿಡಿಯೋದಿಲ್ಲ.

ಜಾರದಂತೆ ತಡೆ ಇರಲಿ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತೆ. ಸ್ಟಾಪ್ ಸ್ಕ್ರೂ ಇಲ್ಲದ ಸೈಟ್ ನೂರು ಪೆಲೆಟ್ಟಿನೊಳಗೆ ಜಾಗ ಬಿಟ್ಟಿರುತ್ತೆ.

ತಿರುಪಿನ ಸೂಕ್ಷ್ಮತೆ ಕೇಳಿ. ಅಪ್ಪ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಿಂದಿನ ಸೈಟಿಗೂ ಮುಂದಿನದಕ್ಕೂ 50 ಸೆಂ.ಮೀ. ಅಂತರವಿದ್ದರೆ, 10 ಮೀಟರಿನಲ್ಲಿ ಎಲ್ಲವೂ 20 ಪಟ್ಟಾಗುತ್ತೆ. ಸೈಟ್ 0.1 ಮಿ.ಮೀ. ಸರಿದರೆ ಗುರಿಯಲ್ಲಿ 2 ಮಿ.ಮೀ. ಒಲಿಂಪಿಕ್ಸ್ ಟಾರ್ಗೆಟ್ಟಿನಲ್ಲಿ ಹತ್ತರ ಚುಕ್ಕೆಯ ವ್ಯಾಸ ಬರೀ 0.5 ಮಿ.ಮೀ. ತಿರುಪು ಸಡಿಲವಾಗಿದ್ದರೆ ಏನೂ ಪ್ರಯೋಜನವಿಲ್ಲ.

ಮುಂದಿನ ಕಡ್ಡಿಯ ಬದಲು ಬಳೆ ಹಾಕಿ. ಟಾರ್ಗೆಟ್ಟಿನ ಕಪ್ಪು ಭಾಗ 30.5 ಮಿ.ಮೀ. ಕಣ್ಣಿನಿಂದ ಮುಂದಿನ ಸೈಟ್ ಮುಕ್ಕಾಲು ಮೀಟರ್ ದೂರದಲ್ಲಿದ್ದರೆ ಆ ಕಪ್ಪು ಅಲ್ಲಿ ಸುಮಾರು 2.3 ಮಿ.ಮೀ. ಆಗಿ ಕಾಣುತ್ತೆ. ಬಳೆ ಅದಕ್ಕಿಂತ ಸಾಕಷ್ಟು ದೊಡ್ಡದಿರಲಿ, ಕಪ್ಪಿನ ಸುತ್ತ ಬಿಳಿ ಅಂಚು ಎಲ್ಲ ಕಡೆ ಸಮನಾಗಿ ಕಾಣಬೇಕು. ತೀರಾ ಬಿಗಿಯಾದರೆ ಕಣ್ಣಿಗೆ ಸುಸ್ತು.

ಹಿಂದಿನ ತೂತು ಒಂದು ಮಿಲಿಮೀಟರಿನ ಆಸುಪಾಸಿನಿಂದ ಶುರು ಮಾಡಿ. ಬೆಳಕು ಕಡಿಮೆಯಿದ್ದರೆ ಸ್ವಲ್ಪ ಹಿಗ್ಗಿಸಿ. ಹಿಗ್ಗಿಸಿ ಕುಗ್ಗಿಸಬಹುದಾದ ಐರಿಸ್ ಇದ್ದರೆ ಇನ್ನೂ ಅನುಕೂಲ.

ಸೈಟನ್ನು ನಂಬುವ ಮೊದಲು ಪರೀಕ್ಷಿಸಿ. 2008ರ ಬೀಜಿಂಗ್ ಫೈನಲ್ಲಿಗೆ ಮುಂಚೆ ಅಭಿನವ್ ಬಿಂದ್ರಾ ಅವರ ರೈಫಲ್ಲಿನ ಸೈಟ್ ಸರಿದುಹೋಗಿತ್ತು. ಅಭ್ಯಾಸದ ಗುಂಡು ಗುರಿಯಿಂದ ದೂರ ಬಿದ್ದಾಗ ಅದು ಗೊತ್ತಾಗಿ, ಇದ್ದ ಸ್ವಲ್ಪ ಸಮಯದಲ್ಲೇ ತಿರುಪು ಸರಿಮಾಡಿಕೊಂಡು ಚಿನ್ನ ಗೆದ್ದರು. ನಮ್ಮ ರೇಂಜಿನ ಮಕ್ಕಳ ಬಾಯಲ್ಲಿ ಈಗ ಬೆಂಗಳೂರಿನ ತಿಲೋತ್ತಮಾ ಸೇನ್ ಹೆಸರು. 2023ರಲ್ಲಿ ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ 10 ಮೀಟರ್ ಏರ್ ರೈಫಲ್ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ಸ್ ಕೋಟಾ ತಂದವರು. ಆ ಸ್ಪರ್ಧೆಯಲ್ಲೂ ದುರ್ಬೀನಿಲ್ಲ, ಇದೇ ತೂತು, ಇದೇ ಬಳೆ.

ತೂತು ಚಿಕ್ಕದಾದಷ್ಟೂ ಮಂಜು

ಎಲ್ಲಾ ಸರಿಹೋಗಬೇಕಿತ್ತು. ನಾನು ಹೊಡೆದರೆ ಗುಂಪು ಚೆನ್ನಾಗೇ ಬರ್ತಿತ್ತು. ಅಪ್ಪ ಹೊಡೆದರೆ ಇಲ್ಲ. ಕೋಚ್ ಐರಿಸ್ ಕುಗ್ಗಿಸಿದರು. "ಈಗ?"

"ಇನ್ನೂ ಮಂಜು."

ಇನ್ನಷ್ಟು ಕುಗ್ಗಿಸಿದರು. "ಈಗ ಏನೂ ಇಲ್ಲ. ಹಾಲಿನ ಗಾಜು ಹಿಡಿದ ಹಾಗಿದೆ."

ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. "ಸಣ್ಣ ತೂತಲ್ಲಿ ಎಲ್ರಿಗೂ ಚೆನ್ನಾಗಿ ಕಾಣಬೇಕು. ಕಾಣ್ತಿಲ್ಲ ಅಂದ್ರೆ ತೊಂದರೆ ಸೈಟಲ್ಲಿಲ್ಲ. ಮೊದಲು ಕಣ್ಣಿನ ಡಾಕ್ಟ್ರಿಗೆ ತೋರಿಸಿ."

ಶಿವಾಜಿನಗರದ ಕಡೆ ಒಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ಮೊದಲು ಮಾಡಿದ್ದೇ ನಮ್ಮ ಸೇಫ್ಟಿ ಪಿನ್ ಪ್ರಯೋಗ! ಸಣ್ಣ ತೂತುಗಳಿದ್ದ ಕಪ್ಪು ತಟ್ಟೆಯನ್ನು ಅಪ್ಪನ ಕಣ್ಣಿನ ಮುಂದೆ ಹಿಡಿದು ಅಕ್ಷರ ಓದಿಸಿದರು. ಎಡಗಣ್ಣು ಎರಡು ಸಾಲು ಹೆಚ್ಚು ಓದಿತು. ಬಲಗಣ್ಣು ಓದಲಿಲ್ಲ. "ತೂತಿನಲ್ಲಿ ಸುಧಾರಿಸಿದರೆ ಬರೀ ನಂಬರ್ ತೊಂದರೆ, ಕನ್ನಡಕ ಸಾಕು. ಸುಧಾರಿಸದಿದ್ದರೆ ಒಳಗೆ ಬೇರೆ ಏನೋ ಇದೆ ಅಂತ ಅನುಮಾನ ಪಡ್ತೀವಿ" ಅಂದರು. ಹನಿ ಹಾಕಿ ಪರೀಕ್ಷಿಸಿದಾಗ ಬಲಗಣ್ಣಿನಲ್ಲಿ, ಸರಿಯಾಗಿ ನಡುಮಧ್ಯದಲ್ಲಿ, ಪೊರೆ. ಪಾಪೆ ಕಿರಿದಾದಷ್ಟೂ, ತೂತು ಚಿಕ್ಕದಾದಷ್ಟೂ ಬೆಳಕು ಆ ಪೊರೆಯ ಮೂಲಕವೇ ಹೋಗಬೇಕು.

"ಎದುರಿನ ಗಾಡಿ ಲೈಟು ಬಿದ್ದಾಗ ಕಣ್ಣು ಕೋರೈಸುತ್ತಾ?" ಡಾಕ್ಟರ್ ಕೇಳಿದರು.

ಅಪ್ಪ ನನ್ನ ಮುಖ ನೋಡಲಿಲ್ಲ. "ಎರಡು ವರ್ಷ ಆಯ್ತು."

ಆಗ ನನಗೆ ಹೊಳೆಯಿತು. ಅಪ್ಪ ಸಂಜೆ ಮೇಲೆ ಸ್ಕೂಟರ್ ಮುಟ್ಟೋದು ಬಿಟ್ಟು ಎರಡು ವರ್ಷವಾಗಿತ್ತು. "ಪೆಟ್ರೋಲ್ ದುಬಾರಿ, ನಡೆದರೆ ಆರೋಗ್ಯ" ಅಂತಿದ್ದರು. ನಾವು ನಗ್ತಾ ಇದ್ವಿ. ಹಗಲಲ್ಲಿ ಮಾತ್ರ ಅದೇ ಸ್ಕೂಟರಿನಲ್ಲಿ, ಅದೇ ಕಣ್ಣಿನಲ್ಲಿ, ಹಳೇ ಮದರಾಸು ರಸ್ತೆಯ ಲಾರಿಗಳ ನಡುವೆ ಅಮ್ಮನನ್ನು ಹಲಸೂರು ಸೋಮೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಬರ್ತಿದ್ದರು.

"ಯಾಕಪ್ಪಾ ಹೇಳ್ಲಿಲ್ಲ?" ಅಂದೆ, ಹೊರಗೆ ಬಂದ ಮೇಲೆ.

"ನಿನ್ನ ಮನೆ ಸಾಲ, ತಂಗಿ ಮದ್ವೆ. ಕಣ್ಣು ಹೆಂಗೂ ವಯಸ್ಸಿಗೆ ಹೋಗೋದೇ ಅಂದ್ಕೊಂಡೆ ಕಣೋ. ಸರಿಹೋಗೋ ಅಂಥದ್ದು ಅಂತ ಗೊತ್ತಿರಲಿಲ್ಲ."

ಹೊಸ ಮಸೂರ, ಹಳೇ ಭಂಗಿ

ಶಸ್ತ್ರಚಿಕಿತ್ಸೆ ಒಂದು ಗಂಟೆಯೂ ಹಿಡಿಯಲಿಲ್ಲ, ಸಂಜೆ ಮನೆಗೆ ಬಂದೆವು. ಮೊದಲೇ ಡಾಕ್ಟರಿಗೆ ಶೂಟಿಂಗ್ ವಿಷಯ ಹೇಳಿದ್ದೆವು. ಒಂದೇ ದೂರಕ್ಕೆ ಫೋಕಸ್ ಆಗುವ ಸಾದಾ ಮಸೂರ ಹಾಕಿ ದೂರದ್ದು ಸ್ಪಷ್ಟ ಮಾಡೋಣ, ಓದಲು ಕನ್ನಡಕ ಇರಲಿ ಅಂದರು. ಮುಂದಿನ ಬಳೆ ಸ್ವಲ್ಪ ಮಸುಕಾದರೆ ಅದನ್ನು ಚೂಪು ಮಾಡೋಕೆ ಅಪರ್ಚರ್ ಇದೆಯಲ್ಲ! ನಿಮ್ಮ ಮನೆಯಲ್ಲಿ ಯಾರಿಗಾದರೂ ಪೊರೆ ತೆಗೆಸುವುದಿದ್ದರೆ ಅವರು ದಿನವೂ ಏನು ಮಾಡ್ತಾರೆ, ಹೂ ಕಟ್ತಾರಾ, ಗಾಡಿ ಓಡಿಸ್ತಾರಾ, ಮೊದಲೇ ಹೇಳಿ. ಮಸೂರದ ಆಯ್ಕೆ ಅದರ ಮೇಲೆ ನಿಂತಿರುತ್ತೆ.

ಡಾಕ್ಟರ್ ಹೂಂ ಅನ್ನುವವರೆಗೂ ಅಪ್ಪ ರೈಫಲ್ ಮುಟ್ಟಲಿಲ್ಲ. ಮುಟ್ಟಿದ ದಿನ ಮೊದಲ ಹತ್ತರಲ್ಲಿ ಏಳು ಕಪ್ಪಿನೊಳಗೆ ಬಿದ್ದವು. ನಾಣ್ಯದಡಿ ಮುಚ್ಚುವಂಥದ್ದಲ್ಲ. ಆದರೂ ಅಪ್ಪ ಆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

ರೇಂಜಿನಿಂದ ಇಳಿದಾಗ ಕತ್ತಲಾಗಿತ್ತು. ನಾನು ಮೆಟ್ರೋ ಕಡೆ ತಿರುಗಿದೆ. ಅಪ್ಪ ರಸ್ತೆಯಾಚೆ ನಿಂತು ಬರುವ ಬಸ್ಸುಗಳ ಬೋರ್ಡ್ ಒಂದೊಂದಾಗಿ ಓದುತ್ತಿದ್ದರು, ಗಟ್ಟಿಯಾಗಿ.