ಗಂಡಿ: ಸಂಡೂರು ಬೆಟ್ಟಸಾಲಿನ ಒಂದು ಸ್ಥಳನಾಮ

ಬಳ್ಳಾರಿ ನಗರ ಮತ್ತು ಕುರುಗೋಡಿನ ಸುತ್ತ ಕಾಣುವುದು ಬಿಡಿಬಿಡಿಯಾಗಿ ಎದ್ದ ಗ್ರಾನೈಟ್ ಗುಡ್ಡಗಳು. ಸಿರುಗುಪ್ಪದತ್ತ ಸಾಗಿದರೆ ಎರೆಭೂಮಿಯ ಬಯಲು. ಇದೇ ಜಿಲ್ಲೆಯ ಸಂಡೂರಿನ ಭೂರೂಪ ಇವೆರಡಕ್ಕಿಂತ ಭಿನ್ನವಾದುದು. ಕಬ್ಬಿಣದ ಅದಿರನ್ನು ಒಡಲಲ್ಲಿಟ್ಟುಕೊಂಡ ಬೆಟ್ಟಸಾಲುಗಳು ಇಲ್ಲಿ ಹೆಚ್ಚುಕಡಿಮೆ ಸಮಾನಾಂತರವಾಗಿ ಚಾಚಿವೆ. ಅವುಗಳ ನಡುವಿನ ತಗ್ಗಿನಲ್ಲಿ ಊರಿದೆ. ಈ ಸಾಲುಗಳನ್ನು ಅಡ್ಡಲಾಗಿ ಸೀಳಿದ ಕಡಿದಾದ ಇಕ್ಕಟ್ಟುಗಳೇ ಓಬಳಗಂಡಿ ಮತ್ತು ಭೀಮಗಂಡಿ. ಮಳೆಗಾಲದಲ್ಲಿ ಹಸಿರೇರುವ ಈ ಬೆಟ್ಟಗಳು ಚಾರಣಿಗರಿಗೆ ಪ್ರಿಯವಾಗಿವೆ. ಪ್ರವಾಸಿ ಬರಹಗಳು ಇವನ್ನು ‘ಕಣಿವೆ’ ಎಂದಷ್ಟೇ ಕರೆದು ಮುಂದೆ ಸಾಗುವುದುಂಟು. ಆಗ ಜನಪದರು ಕಾಪಾಡಿಕೊಂಡು ಬಂದ ಒಂದು ಸೂಕ್ಷ್ಮ ಭೇದವೇ ಮರೆಯಾಗುತ್ತದೆ.

‘ಗಂಡಿ’ ಎಂದರೆ ತಗ್ಗಲ್ಲ, ತೂತು. ಕಂಡಿ, ಕಿಂಡಿ, ಗಂಡಿ ಇವು ಒಂದೇ ದ್ರಾವಿಡ ಮೂಲದ ರೂಪಗಳು. ತೆಲುಗಿನಲ್ಲಿ ಕೆರೆಯ ಏರಿ ಒಡೆದರೆ ‘ಗಂಡಿ ಬಿತ್ತು’ ಎನ್ನುತ್ತಾರೆ. ಬೆಟ್ಟವನ್ನು ಏರಿಯಂತೆ ಕಂಡು, ನೀರು ಅದನ್ನು ಒಡೆದುಕೊಂಡು ಹೋಯಿತೆಂಬ ಗ್ರಹಿಕೆ ಈ ಹೆಸರಿನಲ್ಲಿದೆ ಎಂದು ಊಹಿಸಬಹುದು. ಕೆರೆಯನ್ನು ನಂಬಿ ಬದುಕಿದ ಸೀಮೆಗೆ ಇದು ಸಹಜವೇ. ಕಡಪ ಜಿಲ್ಲೆಯಲ್ಲಿ ಪೆನ್ನಾರ್ ಎರ್ರಮಲ ಬೆಟ್ಟವನ್ನು ಕೊರೆದಿರುವ ಗಂಡಿಕೋಟೆ, ಪಾಪಾಘ್ನಿಯ ದಂಡೆಯ ಗಂಡಿ ಕ್ಷೇತ್ರ ಇವೂ ಇದೇ ನಾಮವಲಯಕ್ಕೆ ಸೇರುತ್ತವೆ. ಗಂಡಿಕೋಟೆಯನ್ನು ಇಂದು ‘ಭಾರತದ ಗ್ರ್ಯಾಂಡ್ ಕ್ಯಾನಿಯನ್’ ಎಂದು ಪ್ರಚಾರ ಮಾಡಲಾಗುತ್ತಿದೆ. ಹೆಸರಿನಲ್ಲಿಯೇ ವಿವರಣೆಯಿರುವ ಸ್ಥಳಕ್ಕೆ ಅಮೆರಿಕದಿಂದ ಹೋಲಿಕೆಯನ್ನು ಕಡ ತರಬೇಕಾಗಿರಲಿಲ್ಲ.

ಪೂರ್ವಪದಗಳೂ ಗಮನಾರ್ಹ. ‘ಓಬಳ’ ಅಹೋಬಲದ ತದ್ಭವ. ಓಬಣ್ಣ, ಓಬವ್ವ, ಓಬಳೇಶ ಎಂಬ ವ್ಯಕ್ತಿನಾಮಗಳ ಮೂಲವೂ ನರಸಿಂಹನ ಆ ಕ್ಷೇತ್ರವೇ. ಮನುಷ್ಯಬಲಕ್ಕೆ ಮೀರಿದ ಬಂಡೆ, ಬಿರುಕುಗಳಿಗೆ ಭೀಮನ ಹೆಸರಿಡುವುದು ನಾಡಿನ ಹಲವೆಡೆ ಕಂಡುಬರುವ ರೂಢಿ. ಇಕ್ಕಟ್ಟಿನ ದಾರಿಗೊಂದು ದೈವ ಬೇಕೆಂಬ ನಂಬಿಕೆಗೆ ಇನ್ನೂ ಸ್ಪಷ್ಟವಾದ ನಿದರ್ಶನ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ. ಅಲ್ಲಿ ವೇದಾವತಿಯು ಬೆಟ್ಟದ ನಡುವೆ ನುಸುಳುವೆಡೆ ಕಣಿವೆ ಮಾರಮ್ಮ ನೆಲೆಸಿದ್ದಾಳೆ. 1907ರಲ್ಲಿ ಪೂರ್ಣಗೊಂಡ ಅಣೆಕಟ್ಟು ವಾಣಿವಿಲಾಸ ಸಾಗರವೆನಿಸಿದರೂ ಹಳೆಯ ಹೆಸರು ಅಳಿದಿಲ್ಲ. ಅದೇ ನದಿ ಹಗರಿಯಾಗಿ ಬಳ್ಳಾರಿ ಸೀಮೆಗೆ ಬಂದು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ.

ಸಂಡೂರಿನ ಹೆಸರುಗಳಿಗೆ ಅಂಥ ಭದ್ರತೆಯಿಲ್ಲ. ಗಂಡಿಯ ಗೋಡೆಗಳಾದ ಬೆಟ್ಟಗಳೇ ಗಣಿಯ ಬೆಟ್ಟಗಳು. ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತ ವರದಿಗಳು 2008 ಮತ್ತು 2011ರಲ್ಲಿ ಹೊರಬಂದವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಅನಂತರ ನಿಬಂಧನೆಗಳೊಡನೆ ಕೆಲಸ ಮರಳಿ ಆರಂಭವಾಯಿತು. ಬೆಟ್ಟದ ನೆತ್ತಿಯೇ ಬದಲಾದಲ್ಲಿ ಹೆಸರು ನಿಲ್ಲಲು ನೆಲೆಯಿರುವುದಿಲ್ಲ. ಓಬಳಗಂಡಿ, ಭೀಮಗಂಡಿಗಳಂಥ ದೊಡ್ಡ ಹೆಸರುಗಳು ಹೇಗೋ ಉಳಿದಾವು. ದನಕುರಿ ಕಾಯುವವರು, ಸೌದೆ ತರುವವರು, ಗಣಿಯ ಹಿರಿಯ ಕೂಲಿಗಳು ಬಳಸುವ ಸಣ್ಣ ಕೊರಕಲು, ಕಾಲುದಾರಿ, ನೀರಿನ ತಾವುಗಳ ಹೆಸರುಗಳನ್ನು ಆ ಸ್ಥಳಗಳಲ್ಲಿಯೇ ನಿಂತು ಮೊದಲು ದಾಖಲಿಸಬೇಕಾಗಿದೆ.